ಗಲ್ಫ್ ಮೆಡಿಕಲ್ ವರದಿ ಇದ್ದರೆ ಮದುವೆಗೆ ಮುಂಚಿನ ರಕ್ತಪರೀಕ್ಷೆ ಬೇಡವೇ?

ಪ್ರಶ್ನೆ: ನನಗೆ 27 ವರ್ಷ. ಊರು ಉಡುಪಿ ಜಿಲ್ಲೆ, ಕೆಲಸ ಬೆಂಗಳೂರಿನಲ್ಲಿ. ನಿಶ್ಚಿತಾರ್ಥ ಮುಗಿದಿದೆ, ಮದುವೆಗೆ ಇನ್ನು ಮೂರು ತಿಂಗಳಿದೆ. ಹುಡುಗ ಕುವೈತಿನಲ್ಲಿ ಇಂಜಿನಿಯರ್. ಮದುವೆಗೆ ಮೊದಲು ಇಬ್ಬರೂ ರಕ್ತಪರೀಕ್ಷೆ ಮಾಡಿಸಿಕೊಳ್ಳೋಣವೇ ಎಂದು ಕೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಎರಡು ವರ್ಷದ ಹಿಂದೆ ವೀಸಾಕ್ಕೆಂದು ಮಾಡಿಸಿದ ಮೆಡಿಕಲ್ ವರದಿಯನ್ನು ಕಳುಹಿಸಿದರು. ಅದರಲ್ಲಿ ‘ಫಿಟ್’ ಎಂದಿದೆ. ಅದು ಸಾಕೇ? ಸಾಲದಿದ್ದರೆ ಯಾವ ಪರೀಕ್ಷೆಗಳು ಬೇಕು? ಇಲ್ಲಿಯ ಒಂದು ಲ್ಯಾಬ್‌ನವರು ಎಂಟು ಸಾವಿರ ರೂಪಾಯಿಯ ‘ಪ್ರೀ ಮ್ಯಾರಿಟಲ್ ಪ್ಯಾಕೇಜ್’ ಹೇಳುತ್ತಿದ್ದಾರೆ. ಅಮ್ಮ ಮಾತ್ರ ‘ಬೀಗರ ಕಿವಿಗೆ ಬಿದ್ದರೆ ಏನೆಂದುಕೊಂಡಾರು’ ಎಂದು ಹೆದರಿದ್ದಾರೆ. ಏನಾದರೂ ಪಾಸಿಟಿವ್ ಬಂದರೆ ಮದುವೆ ನಿಲ್ಲಿಸಬೇಕಾಗುತ್ತದೆಯೇ?

ಉತ್ತರ: ಆ ವರದಿ ಸಾಲದು. ಆದರೆ ಬದಿಗಿಡುವ ಮೊದಲು ಅದನ್ನು ಒಮ್ಮೆ ಗಮನವಿಟ್ಟು ನೋಡಿ. ಗಲ್ಫ್ ದೇಶಗಳಿಗೆ ಕೆಲಸಕ್ಕೆ ಹೊರಟವರು ಇಲ್ಲಿಯೇ, ಆ ದೇಶಗಳು ಒಪ್ಪಿದ ಕೇಂದ್ರಗಳಲ್ಲಿ ಮಾಡಿಸಿಕೊಳ್ಳುವ ತಪಾಸಣೆಯಲ್ಲಿ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ (ಈ ಎರಡೂ ಪಿತ್ತಜನಕಾಂಗವನ್ನು, ಅಂದರೆ ಲಿವರನ್ನು, ಕೆಡಿಸುವ ವೈರಸ್ ಸೋಂಕುಗಳು), ಸಿಫಿಲಿಸ್ ಎಂಬ ಲೈಂಗಿಕ ರೋಗ, ಇವುಗಳ ಪರೀಕ್ಷೆಗಳು ಮತ್ತು ಕ್ಷಯಕ್ಕಾಗಿ ಎದೆಯ ಎಕ್ಸ್‌ರೇ ಇರುತ್ತವೆ. ಮದುವೆಗೆ ಮುಂಚೆ ನಾವು ಹೇಳುವ ಪಟ್ಟಿಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ನಿಮ್ಮ ಕರಾವಳಿಯಲ್ಲಿ ಎಷ್ಟೋ ಯುವಕರಿಗೆ ತಮ್ಮ ಮೈಯಲ್ಲಿ ಹೆಪಟೈಟಿಸ್ ಬಿ ಇದೆ ಎಂದು ಮೊದಲು ಗೊತ್ತಾಗುವುದೇ ಇಂಥ ಕೇಂದ್ರದಲ್ಲಿ, ‘ಅನ್‌ಫಿಟ್’ ಎಂಬ ಮುದ್ರೆಯ ಜೊತೆಗೆ. ಮುದ್ರೆ ಒತ್ತಿದವರು ಮುಂದೇನು ಮಾಡಬೇಕೆಂದು ಹೇಳುವುದಿಲ್ಲ. ಹುಡುಗ ವೀಸಾ ಹೋಯಿತೆಂದು ಮನೆಗೆ ಬಂದು ಮಲಗುತ್ತಾನೆ, ಪಿತ್ತಜನಕಾಂಗವನ್ನು ಯಾರೂ ಕೇಳುವುದಿಲ್ಲ. ನಿಮ್ಮವರ ವರದಿಯಲ್ಲಿ ಹಾಗೇನೂ ಇಲ್ಲ ಎಂಬುದು ಒಳ್ಳೆಯ ಸುದ್ದಿಯೇ.

ಕೊರತೆ ಇರುವುದು ತಾರೀಖಿನಲ್ಲಿ ಮತ್ತು ಉದ್ದೇಶದಲ್ಲಿ. ರಕ್ತಪರೀಕ್ಷೆ ಹೇಳುವುದು ಸೂಜಿ ಚುಚ್ಚಿದ ದಿನದ ಸ್ಥಿತಿಯನ್ನು. ಇನ್ನೂ ಸರಿಯಾಗಿ ಹೇಳಬೇಕೆಂದರೆ ಅದಕ್ಕಿಂತ ಕೆಲವು ವಾರ ಹಿಂದಿನ ಸ್ಥಿತಿಯನ್ನು. ಸೋಂಕು ತಗಲಿದ ಮೇಲೆ ಅದು ಪರೀಕ್ಷೆಯಲ್ಲಿ ಕಾಣಿಸಿಕೊಳ್ಳಲು ಹಿಡಿಯುವ ಅವಧಿಗೆ ವಿಂಡೋ ಪೀರಿಯಡ್ ಎನ್ನುತ್ತಾರೆ. ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನಷ್ಟೇ ಹುಡುಕುವ ಎಚ್‌ಐವಿ ರ‍್ಯಾಪಿಡ್ ಕಿಟ್‌ಗೆ ಈ ಅವಧಿ ಮೂರು ತಿಂಗಳು. ವೈರಸ್ಸಿನದೇ ಒಂದು ಪ್ರೋಟೀನನ್ನೂ ಜೊತೆಗೆ ಹುಡುಕುವ ‘ನಾಲ್ಕನೆಯ ತಲೆಮಾರಿನ’ ಲ್ಯಾಬ್ ಪರೀಕ್ಷೆಗೆ 45 ದಿನ. ಎರಡು ವರ್ಷದ ಹಿಂದಿನ ಕಾಗದ ಇಂದಿನ ಮಾತನ್ನು ಹೇಳಲಾರದು. ಉದ್ದೇಶದ ಮಾತು ಇನ್ನೂ ಮುಖ್ಯ. ಕೆಲಸ ಕೊಡುವ ದೇಶಕ್ಕೆ ಬೇಕಾದದ್ದು ಈತನಿಗೆ ಸೋಂಕು ಇದೆಯೇ ಎಂಬುದು ಮಾತ್ರ. ನಿಮಗೆ ಬೇಕಾದದ್ದು ನಿಮ್ಮಿಬ್ಬರಿಗೂ ಸೋಂಕಿನಿಂದ ರಕ್ಷಣೆ ಇದೆಯೇ ಎಂಬುದು. ಆ ಎರಡನೆಯ ಪ್ರಶ್ನೆಯನ್ನು ಗಲ್ಫ್ ಮೆಡಿಕಲ್ ಕೇಳುವುದೇ ಇಲ್ಲ.

ಮುಂದೆ ಹೋಗುವ ಮೊದಲು ಒಂದು ಎಚ್ಚರಿಕೆ. ‘ಹಾಗಾದರೆ ಕುವೈತಿನಲ್ಲೇ ಇನ್ನೊಮ್ಮೆ ಮಾಡಿಸಿಬಿಡಿ’ ಎಂದು ನೀವು ಹೇಳಿಬಿಟ್ಟೀರಿ, ಬೇಡ. ಗಲ್ಫ್ ದೇಶಗಳಲ್ಲಿ ಹೊರದೇಶದ ಕೆಲಸಗಾರರಿಗೆ ಎಚ್‌ಐವಿ ಇದೆಯೆಂದು ತಿಳಿದರೆ ಗಡೀಪಾರು ಮಾಡುತ್ತಾರೆ. ಅಲ್ಲಿ ಪರೀಕ್ಷೆಯ ಫಲಿತಾಂಶ ಪರೀಕ್ಷೆ ಮಾಡಿಸಿಕೊಂಡವನದಾಗಿ ಉಳಿಯುವುದಿಲ್ಲ. ಮೊದಲ ಕಿಟ್‌ನಲ್ಲಿ ತಪ್ಪು ಪಾಸಿಟಿವ್ ಬಂದರೂ ಆತ ಅನುಭವಿಸಬೇಕಾದ ಆತಂಕ ಸಣ್ಣದಲ್ಲ. ರಜೆಗೆ ಊರಿಗೆ ಬಂದಾಗ ಇಲ್ಲಿ ಮಾಡಿಸಿಕೊಳ್ಳಲಿ. ಮದುವೆಗೆ ನಾಲ್ಕೇ ದಿನ ಇರುವಾಗ ಬರುವ ಬದಲು ಎರಡು ಮೂರು ವಾರ ಮುಂಚೆ ಬರಲು ಸಾಧ್ಯವೇ ಎಂದು ಕೇಳಿ. ಬಂದ ಮೊದಲ ವಾರದಲ್ಲೇ ರಕ್ತ ಕೊಟ್ಟರೆ, ಏನಾದರೂ ಖಚಿತಪಡಿಸಿಕೊಳ್ಳಬೇಕಾಗಿ ಬಂದರೂ ಸಮಯ ಇರುತ್ತದೆ.

ಈಗ ಪರೀಕ್ಷೆಗಳ ವಿಚಾರ. ಮದುವೆಗೆ ಮುಂಚಿನ ಪರೀಕ್ಷೆ ಎಂದ ಕೂಡಲೇ ಎಲ್ಲರ ತಲೆಗೂ ಮೊದಲು ಬರುವುದು ಎಚ್‌ಐವಿ, ಮತ್ತೆ ಕೊನೆಗೆ ಬರುವುದೂ ಅದೇ. ನನ್ನ ಅಭಿಪ್ರಾಯದಲ್ಲಿ ನೀವು ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದದ್ದು ಹೆಪಟೈಟಿಸ್ ಬಿ ಬಗ್ಗೆ. ನಮ್ಮ ದೇಶದಲ್ಲಿ ಅದು ಎಚ್‌ಐವಿಗಿಂತ ಹಲವು ಪಟ್ಟು ಹೆಚ್ಚು ಜನರಲ್ಲಿದೆ. ಸಂಭೋಗದಿಂದಲೂ ರಕ್ತದಿಂದಲೂ ಎಚ್‌ಐವಿಗಿಂತ ಸುಲಭವಾಗಿ ಹರಡುತ್ತದೆ. ತಾಯಿಯಿಂದ ಹೆರಿಗೆಯ ಹೊತ್ತಿನಲ್ಲಿ ಮಗುವಿಗೆ ದಾಟಿದರೆ ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ಜೀವನಪರ್ಯಂತ ಉಳಿದುಬಿಡುತ್ತದೆ. ದಶಕಗಳ ಕಾಲ ಸದ್ದಿಲ್ಲದೆ ಇದ್ದು, ಕೆಲವರಲ್ಲಿ ನಲವತ್ತು ಐವತ್ತರ ವಯಸ್ಸಿಗೆ ಸಿರೋಸಿಸ್ (ಪಿತ್ತಜನಕಾಂಗ ಗಟ್ಟಿಯಾಗಿ ಕೆಡುವುದು) ಆಗಿಯೋ ಪಿತ್ತಜನಕಾಂಗದ ಕ್ಯಾನ್ಸರ್ ಆಗಿಯೋ ಏಳುತ್ತದೆ. ಇಷ್ಟೆಲ್ಲ ಕೆಟ್ಟತನ ಇರುವ ಈ ವೈರಸ್ಸಿಗೆ ಅತ್ಯುತ್ತಮವಾದ ಲಸಿಕೆ ಇದೆ, ಎಚ್‌ಐವಿಗೆ ಇಲ್ಲ. ಪರೀಕ್ಷೆ ಮಾಡಿಸಿದ ಮರುದಿನವೇ ಮಾಡಬಹುದಾದ ಕೆಲಸ ಒಂದಿದೆ ಎಂದಾದರೆ ಅದು ಇಲ್ಲಿದೆ.

‘ಚಿಕ್ಕವಳಿದ್ದಾಗ ಎಲ್ಲ ಚುಚ್ಚುಮದ್ದೂ ಹಾಕಿಸಿದ್ದೇವೆ’ ಎಂದು ನಿಮ್ಮ ಅಮ್ಮ ಹೇಳಬಹುದು. ಅವರು ಹಾಕಿಸಿದ್ದು ನಿಜವೇ ಇರುತ್ತದೆ. ಆದರೆ ಆಗ ಸರ್ಕಾರಿ ಲಸಿಕೆಗಳ ಪಟ್ಟಿಯಲ್ಲಿ ಹೆಪಟೈಟಿಸ್ ಬಿ ಇರಲಿಲ್ಲ. ಅದು ಪ್ರಾಯೋಗಿಕವಾಗಿ ಆರಂಭವಾದದ್ದು 2002ರ ಸುಮಾರಿಗೆ, ದೇಶದ ಎಲ್ಲೆಡೆ ಬಂದದ್ದು 2011ರಲ್ಲಿ. ಈಗ ಮದುವೆಯ ವಯಸ್ಸಿಗೆ ಬಂದಿರುವ ತಲೆಮಾರು ಬಹುಪಾಲು ಅದಕ್ಕಿಂತ ಮೊದಲು ಹುಟ್ಟಿದ್ದು. ಖಾಸಗಿ ಮಕ್ಕಳ ವೈದ್ಯರಲ್ಲಿ ಹಾಕಿಸಿಕೊಂಡವರು, ನರ್ಸಿಂಗ್ ಅಥವಾ ಮೆಡಿಕಲ್ ಓದಿದವರು ಬಿಟ್ಟರೆ ಉಳಿದವರಿಗೆ ಲಸಿಕೆ ಆಗಿಲ್ಲ ಎಂದೇ ಲೆಕ್ಕ ಹಿಡಿಯಬೇಕು.

ಹಾಗಾಗಿ ಇಬ್ಬರೂ ಮೂರು ಪರೀಕ್ಷೆ ಮಾಡಿಸಿಕೊಳ್ಳಿ: ಎಚ್‌ಬಿಎಸ್‌ಎಜಿ, ಆ್ಯಂಟಿ ಎಚ್‌ಬಿಎಸ್, ಆ್ಯಂಟಿ ಎಚ್‌ಬಿಸಿ ಟೋಟಲ್. ಮೊದಲನೆಯದು ವೈರಸ್ಸನ್ನೇ ಹುಡುಕುತ್ತದೆ, ಉಳಿದೆರಡು ಅದರ ವಿರುದ್ಧದ ಪ್ರತಿಕಾಯಗಳನ್ನು. ಲ್ಯಾಬ್‌ನವರು ಸಾಮಾನ್ಯವಾಗಿ ಮೊದಲನೆಯದನ್ನು ಮಾತ್ರ ಮಾಡಿ ‘ನೆಗೆಟಿವ್’ ಎಂದು ಕೊಡುತ್ತಾರೆ. ಉಳಿದೆರಡನ್ನು ನೀವೇ ಕೇಳಿ ಬರೆಸಬೇಕು. ಮೂರೂ ನೆಗೆಟಿವ್ ಎಂದರೆ ಸೋಂಕೂ ಇಲ್ಲ, ರಕ್ಷಣೆಯೂ ಇಲ್ಲ, ಲಸಿಕೆ ಬೇಕು. ಆ್ಯಂಟಿ ಎಚ್‌ಬಿಎಸ್ ಒಂದೇ ಇದ್ದು 10 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಹಿಂದೆ ಹಾಕಿಸಿಕೊಂಡ ಲಸಿಕೆ ಕೆಲಸ ಮಾಡಿದೆ ಎಂದು ಅರ್ಥ. ಎರಡೂ ಪ್ರತಿಕಾಯಗಳಿದ್ದು ಎಚ್‌ಬಿಎಸ್‌ಎಜಿ ಇಲ್ಲದಿದ್ದರೆ ಎಂದೋ ಸೋಂಕು ಬಂದು ತಾನಾಗಿ ವಾಸಿಯಾಗಿದೆ; ಅಂಥವರಿಂದ ಸಂಗಾತಿಗೆ ಹರಡುವುದಿಲ್ಲ. ಎಚ್‌ಬಿಎಸ್‌ಎಜಿ ಪಾಸಿಟಿವ್ ಬಂದರೆ ಮಾತ್ರ ಈಗ ಸೋಂಕು ಇದೆ ಎಂದು ಅರ್ಥ. ಅದರ ಮಾತು ಮುಂದೆ ಬರುತ್ತದೆ.

ಲಸಿಕೆಯ ಮೂರು ಡೋಸ್: ಇಂದು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಮೂರೂ ಮುಗಿದ ಒಂದೆರಡು ತಿಂಗಳಿಗೆ ಆ್ಯಂಟಿ ಎಚ್‌ಬಿಎಸ್ ನೋಡಿಸಿದರೆ ಹಿಡಿದಿದೆಯೋ ಇಲ್ಲವೋ ಗೊತ್ತಾಗುತ್ತದೆ. ಆರೋಗ್ಯವಂತ ಯುವಜನರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಹಿಡಿಯುತ್ತದೆ. ನಿಮಗೆ ಮೂರು ತಿಂಗಳಿರುವುದರಿಂದ ಮದುವೆಗೆ ಮೊದಲು ಎರಡು ಡೋಸ್ ಆರಾಮವಾಗಿ ಮುಗಿಯುತ್ತದೆ. ಈ ವಾರವೇ ರಕ್ತ ಕೊಡಿ. ಅವರು ಬರುವವರೆಗೆ ಕಾಯಬೇಡಿ.

ನಿಮ್ಮ ಪಾಲಿಗೆ ಇನ್ನೊಂದು ಲಸಿಕೆಯ ವಿಷಯ ಇದೆ, ರುಬೆಲ್ಲಾ. ಬಸುರಿನ ಮೊದಲ ತಿಂಗಳುಗಳಲ್ಲಿ ತಾಯಿಗೆ ಈ ಸೋಂಕು ಬಂದರೆ ಮಗುವಿಗೆ ಹುಟ್ಟುಗಿವುಡು, ಕಣ್ಣಿನ ಪೊರೆ, ಹೃದಯದ ದೋಷ ಬರಬಹುದು. ದಡಾರ ಮತ್ತು ರುಬೆಲ್ಲಾ ಲಸಿಕೆಯ ದೊಡ್ಡ ಅಭಿಯಾನ 2017ರ ಫೆಬ್ರವರಿಯಲ್ಲಿ ನಮ್ಮ ರಾಜ್ಯವೂ ಸೇರಿದಂತೆ ಕೆಲವೇ ರಾಜ್ಯಗಳಲ್ಲಿ ಮೊದಲು ಶುರುವಾಯಿತು. ಆದರೆ ಅದು ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆ. ನೀವು ಆಗಲೇ ಆ ವಯಸ್ಸು ದಾಟಿದ್ದಿರಿ. ರುಬೆಲ್ಲಾ ವಿರುದ್ಧ ರಕ್ಷಣೆ ಇದೆಯೇ ಎಂದು ತಿಳಿಸುವ ರುಬೆಲ್ಲಾ ಐಜಿಜಿ ಪರೀಕ್ಷೆ ಮಾಡಿಸಿ. ರಕ್ಷಣೆ ಇಲ್ಲದಿದ್ದರೆ ರುಬೆಲ್ಲಾ ಲಸಿಕೆಯೂ ಸೇರಿರುವ ಎಂಎಂಆರ್ ಹಾಕಿಸಿಕೊಳ್ಳಿ. ಬಸುರಿನಲ್ಲಿ ಇದನ್ನು ಕೊಡುವಂತಿಲ್ಲ, ಹಾಕಿಸಿಕೊಂಡ ಮೇಲೂ ಒಂದು ತಿಂಗಳು ಗರ್ಭ ನಿಲ್ಲಬಾರದು. ಆದ್ದರಿಂದಲೇ ಇದಕ್ಕೆ ಮದುವೆಗೆ ಮುಂಚಿನ ಕಾಲದಷ್ಟು ಅನುಕೂಲದ ಕಾಲ ಬೇರೆ ಇಲ್ಲ. ಸೀತಾಳೆ ಸಿಡುಬು, ಅಂದರೆ ಚಿಕನ್‌ಪಾಕ್ಸ್, ಆಗಿರದಿದ್ದರೆ ಅದರ ಲಸಿಕೆಯ ಬಗ್ಗೆಯೂ ಅದೇ ಸಲ ಕೇಳಿ.

ಉಳಿದವು ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಸಿ. ಇಬ್ಬರಿಗೂ ಬೇಕು, ಒಂದೇ ಸಲ ಕೊಟ್ಟ ರಕ್ತದಲ್ಲಿ ಮೂರೂ ಆಗುತ್ತವೆ. ಗೊನೊರಿಯಾ, ಕ್ಲಮಿಡಿಯಾ ಎಂಬ ಲೈಂಗಿಕ ರೋಗಗಳಿಗೆ ಮೂತ್ರದ ಪರೀಕ್ಷೆ ಇದೆ. ಹಿಂದೆ ಲೈಂಗಿಕ ಸಂಪರ್ಕ ಆಗಿದ್ದವರಿಗೆ ಮಾತ್ರ ಅದು ಬೇಕಾಗುತ್ತದೆ. ಆ ಪ್ರಶ್ನೆಗೆ ಉತ್ತರವನ್ನು ಬೀಗರ ಮುಂದೆ ಹೇಳಬೇಕಾಗಿಲ್ಲ, ವೈದ್ಯರ ಮುಂದೆ ಹೇಳಿದರೆ ಸಾಕು. ಕ್ಷಯಕ್ಕೆ ಎಲ್ಲರಿಗೂ ಎಕ್ಸ್‌ರೇ ಬೇಕಿಲ್ಲ. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ತೂಕ ಇಳಿಯುವುದು ಇದ್ದರೆ ನೋಡಿಸಬೇಕು. ಮನೆಯಲ್ಲಿ ಯಾರಾದರೂ ಕ್ಷಯಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಮುಚ್ಚಿಡಬೇಡಿ. ಹೆಣ್ಣುಮಕ್ಕಳ ಕ್ಷಯದ ಮಾತ್ರೆಯನ್ನು ಮದುವೆಯ ಮಾತುಕತೆಗಾಗಿ ಅರ್ಧಕ್ಕೆ ನಿಲ್ಲಿಸಿಬಿಡುವ ಮನೆಗಳು ಇಂದಿಗೂ ಇವೆ.

ಎಲ್ಲಿಗೆ ಹೋಗುವುದು? ಜಿಲ್ಲಾ ಆಸ್ಪತ್ರೆ ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲಿ ಐಸಿಟಿಸಿ ಎಂಬ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ ಇರುತ್ತದೆ. ಹೊರರೋಗಿ ವಿಭಾಗದ ಒಂದು ಮೂಲೆಯಲ್ಲಿ ಸಣ್ಣ ಕೋಣೆ, ಒಂದು ಮೇಜು, ಗೋಡೆಯ ಮೇಲೆ ಬಣ್ಣ ಮಾಸಿದ ಪೋಸ್ಟರ್. ನೋಡಲು ಏನೂ ಇಲ್ಲ. ಆದರೆ ಎಚ್‌ಐವಿ ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ಜಾಗವನ್ನು ನಾನು ಹೇಳಲಾರೆ. ಆಪ್ತಸಮಾಲೋಚಕರು ಬಾಗಿಲು ಮುಂದೆ ಮಾಡಿ, ಪರೀಕ್ಷೆ ಎಂದರೇನು, ಪಾಸಿಟಿವ್ ಬಂದರೆ ಏನು, ನೆಗೆಟಿವ್ ಬಂದರೆ ಏನು ಎಂದು ಮೊದಲೇ ಮಾತಾಡುತ್ತಾರೆ. ಒಪ್ಪಿಗೆ ಪಡೆದ ಮೇಲೆಯೇ ರಕ್ತ. ಫಲಿತಾಂಶವನ್ನು ಮತ್ತೆ ಅದೇ ಕೋಣೆಯಲ್ಲಿ ಕೂರಿಸಿ, ಆ ವ್ಯಕ್ತಿಗೆ ಮಾತ್ರ ಹೇಳುತ್ತಾರೆ. ದುಡ್ಡು ಕೊಡಬೇಕಾಗಿಲ್ಲ. ದೊಡ್ಡ ಆಸ್ಪತ್ರೆಗಳಲ್ಲಿರುವ ಸುರಕ್ಷಾ ಕ್ಲಿನಿಕ್‌ನಲ್ಲಿ ಲೈಂಗಿಕ ರೋಗಗಳ ಪರೀಕ್ಷೆ ಮತ್ತು ಚಿಕಿತ್ಸೆ ಉಚಿತ. ಹೆಪಟೈಟಿಸ್ ಬಿ ಮತ್ತು ಸಿ ಎರಡಕ್ಕೂ 2018ರಿಂದ ರಾಷ್ಟ್ರೀಯ ಕಾರ್ಯಕ್ರಮ ಇದ್ದು, ಜಿಲ್ಲಾ ಆಸ್ಪತ್ರೆಗಳಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತವಾಗಿ ಸಿಗುತ್ತವೆ. ಫೋನಿನಲ್ಲಿ ಮೊದಲು ವಿಚಾರಿಸಬೇಕೆಂದರೆ 1097 ಉಚಿತ ಸಹಾಯವಾಣಿ.

ಎಂಟು ಸಾವಿರದ ಪ್ಯಾಕೇಜನ್ನು ಬಿಡಿ. ಇಂಥ ಪಟ್ಟಿಗಳನ್ನು ಬಿಡಿಸಿ ನೋಡಿದರೆ ಬೇಕಾದದ್ದು ನಾಲ್ಕು, ಬೇಡವಾದದ್ದು ನಲವತ್ತು. ಅವುಗಳಲ್ಲಿ ಬಸುರಿನಲ್ಲಿ ಮಗುವಿಗೆ ತೊಂದರೆ ಕೊಡಬಲ್ಲ ಸೋಂಕುಗಳ ಗುರುತು ಹುಡುಕುವ ಟಾರ್ಚ್ ಎಂಬುದಂತೂ ಶುದ್ಧ ದಂಡ: ಬಹುಪಾಲು ಜನರಲ್ಲಿ ಹಳೆಯ ಸೋಂಕುಗಳ ಗುರುತು ಇದ್ದೇ ಇರುತ್ತದೆ, ಅದನ್ನು ಕೆಂಪು ಅಕ್ಷರದಲ್ಲಿ ಅಚ್ಚು ಹಾಕಿಕೊಟ್ಟು ಇಬ್ಬರ ನಿದ್ದೆ ಕೆಡಿಸುತ್ತಾರೆ. ಹರ್ಪಿಸ್‌ನ ರಕ್ತಪರೀಕ್ಷೆಯೂ ಅಷ್ಟೇ. ಬಾಲ್ಯದಲ್ಲಿ ತುಟಿಯ ಮೇಲೆ ಎದ್ದ ಗುಳ್ಳೆಗೂ ಗುಹ್ಯಾಂಗದ ಹರ್ಪಿಸ್‌ಗೂ ಆ ಪರೀಕ್ಷೆ ಎಷ್ಟೋ ಸಲ ವ್ಯತ್ಯಾಸ ಹೇಳಲಾರದು. ಗಂಡಸರಲ್ಲಿ, ಗರ್ಭಕೊರಳಿನ ಕ್ಯಾನ್ಸರ್ ತರಬಲ್ಲ ವೈರಸ್ಸಾದ ಎಚ್‌ಪಿವಿ ಹುಡುಕಲು ಮಾನ್ಯವಾದ ಪರೀಕ್ಷೆಯೇ ಇಲ್ಲ. ಪಟ್ಟಿಯಲ್ಲಿ ಹಿಮೋಗ್ಲೋಬಿನ್ ಎಚ್‌ಪಿಎಲ್‌ಸಿ ಇದ್ದರೆ ಅದೊಂದು ಇರಲಿ. ಸಾಂಕ್ರಾಮಿಕ ರೋಗದ ಮಾತಲ್ಲವಾದರೂ ತಲಸ್ಸೇಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆಗೆ ಇಬ್ಬರೂ ವಾಹಕರೇ ಎಂಬುದನ್ನು ಮದುವೆಗೆ ಮೊದಲೇ ತಿಳಿದಿರುವುದು ಒಳ್ಳೆಯದು. ಇನ್ನು, ಹುಡುಗಿಯ ‘ಕನ್ಯತ್ವ’ ನೋಡಿಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಎದ್ದು ಬನ್ನಿ. ಅಂಥ ಪರೀಕ್ಷೆ ವೈದ್ಯವಿಜ್ಞಾನದಲ್ಲಿ ಇಲ್ಲ.

ಪಾಸಿಟಿವ್ ಬಂದರೆ ಎಂಬ ನಿಮ್ಮ ಪ್ರಶ್ನೆಗೆ ಬರೋಣ. ಮೊದಲು ಕೇಳಬೇಕಾದದ್ದು, ಅದು ನಿಜವಾಗಿ ಪಾಸಿಟಿವ್ ಹೌದೇ? ಭಾರತದಲ್ಲಿ ವಯಸ್ಕರಲ್ಲಿ ಎಚ್‌ಐವಿ ಇರುವವರು ಸುಮಾರು ಶೇಕಡಾ 0.2. ಹತ್ತು ಸಾವಿರ ಮಂದಿ ವಧೂವರರನ್ನು ಪರೀಕ್ಷಿಸಿದರೆ ಸುಮಾರು ಇಪ್ಪತ್ತು ಮಂದಿಗೆ ಸೋಂಕು ಇರುತ್ತದೆ ಎಂದಾಯಿತು. ಕಿಟ್ ತುಂಬಾ ಒಳ್ಳೆಯದು, ಸೋಂಕಿಲ್ಲದ ಸಾವಿರ ಜನರಲ್ಲಿ ಇಬ್ಬರನ್ನು ಮಾತ್ರ ತಪ್ಪಾಗಿ ಪಾಸಿಟಿವ್ ಎನ್ನುತ್ತದೆ ಎಂದಿಟ್ಟುಕೊಳ್ಳಿ. ಆದರೂ ಸೋಂಕಿಲ್ಲದ ಆ 9,980 ಮಂದಿಯಲ್ಲಿ ಸುಮಾರು ಇಪ್ಪತ್ತು ಮಂದಿ ಸುಮ್ಮನೆ ಸಿಕ್ಕಿಬೀಳುತ್ತಾರೆ. ಅಂದರೆ ಮೊದಲ ಪರೀಕ್ಷೆಯಲ್ಲಿ ಪಾಸಿಟಿವ್ ಬಂದವರಲ್ಲಿ ಅರ್ಧದಷ್ಟು ಮಂದಿಗೆ ರೋಗವೇ ಇಲ್ಲ! ಐಸಿಟಿಸಿಯಲ್ಲಿ ಮೊದಲ ಕಿಟ್ ಪಾಸಿಟಿವ್ ಬಂದರೆ ಬೇರೆ ಬೇರೆ ತತ್ವದ ಇನ್ನೆರಡು ಕಿಟ್‌ಗಳಲ್ಲಿ ನೋಡಿ, ಮೂರೂ ಒಂದೇ ಮಾತು ಹೇಳಿದ ಮೇಲೆಯೇ ಫಲಿತಾಂಶ ಕೊಡುವುದು ಈ ಕಾರಣಕ್ಕೆ. ಖಾಸಗಿ ಲ್ಯಾಬ್‌ನ ಒಂದೇ ಕಿಟ್‌ನ ಕಾಗದ ಹಿಡಿದು ಛತ್ರದ ಮುಂಗಡ ವಾಪಸ್ ಕೇಳಲು ಹೋಗಬಾರದು.

ಸಿಫಿಲಿಸ್‌ನ ವಿಡಿಆರ್‌ಎಲ್ ಪರೀಕ್ಷೆ ಇದಕ್ಕಿಂತಲೂ ಚಂಚಲ. ಇತ್ತೀಚೆಗೆ ಬಂದ ವೈರಲ್ ಜ್ವರ, ಮಲೇರಿಯಾ, ಲೂಪಸ್‌ನಂಥ ಕಾಯಿಲೆಗಳು, ಬಸುರು ಸಹ ಅದನ್ನು ಪಾಸಿಟಿವ್ ಮಾಡಬಲ್ಲವು. ನನ್ನಲ್ಲಿಗೆ ಬಂದ ಒಂದು ಜೋಡಿಯ ಕಥೆ ಹೇಳುತ್ತೇನೆ. ಹುಡುಗಿಯ ವರದಿ ‘ವಿಡಿಆರ್‌ಎಲ್ ರಿಯಾಕ್ಟಿವ್ 1:2’. ಲ್ಯಾಬ್‌ನವರು ಪಿಡಿಎಫ್ ಕಳುಹಿಸಿದ್ದು ಫಾರಂನಲ್ಲಿ ನಂಬರ್ ಬರೆದಿದ್ದ ಹುಡುಗನ ಸೋದರಮಾವನ ಮೊಬೈಲಿಗೆ. ಅವರು ಅರ್ಥವಾಗದೆ, ಯಾರಾದರೂ ತಿಳಿದವರು ಹೇಳಲಿ ಎಂದು, ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರು. ಹುಡುಗಿಗೆ ತನ್ನ ಫಲಿತಾಂಶ ತಿಳಿಯುವ ಹೊತ್ತಿಗೆ ಅವಳ ಭಾವೀ ಚಿಕ್ಕತ್ತೆ, ದೊಡ್ಡತ್ತೆಯರೆಲ್ಲ ಅದನ್ನು ಗೂಗಲ್ ಮಾಡಿ ಆಗಿತ್ತು. ನಾವು ಟಿಪಿಎಚ್‌ಎ ಎಂಬ ಖಚಿತ ಪರೀಕ್ಷೆ ಮಾಡಿಸಿದೆವು, ನೆಗೆಟಿವ್. ಅವಳಿಗೆ ಕೆಲವು ವಾರಗಳ ಹಿಂದೆ ಜೋರು ಜ್ವರ ಬಂದು ಹೋಗಿತ್ತು, ಅಷ್ಟೇ. ಮದುವೆ ನಡೆಯಿತು, ಆದರೆ ಆ ಎರಡು ದಿನಗಳ ಮಾತುಗಳನ್ನು ಹಿಂದಕ್ಕೆ ತೆಗೆದುಕೊಳ್ಳುವ ಪರೀಕ್ಷೆ ಯಾವ ಲ್ಯಾಬ್‌ನಲ್ಲೂ ಇಲ್ಲ. ದಯವಿಟ್ಟು ಫಾರಂನಲ್ಲಿ ನಿಮ್ಮ ನಂಬರ್ ಮಾತ್ರ ಬರೆಯಿರಿ. ಮನೆಯವರಿಗೆ ಒಟ್ಟಿಗೆ ಒಂದೇ ವರದಿ ಕೊಡುವ ಲ್ಯಾಬ್‌ಗೆ ಹೋಗಬೇಡಿ.

ಖಚಿತವಾಗಿಯೇ ಪಾಸಿಟಿವ್ ಎಂದಾದರೂ ‘ಮದುವೆ ನಿಲ್ಲಿಸಬೇಕೇ’ ಎಂಬುದು ಬಹುತೇಕ ಸಂದರ್ಭಗಳಲ್ಲಿ ವೈದ್ಯಕೀಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ಆರಂಭದ ಹಂತದ ಸಿಫಿಲಿಸ್ ಒಂದು ಪೆನಿಸಿಲಿನ್ ಚುಚ್ಚುಮದ್ದಿನಿಂದ ವಾಸಿಯಾಗುತ್ತದೆ, ಹಳೆಯದಾದರೆ ವಾರಕ್ಕೊಂದರಂತೆ ಮೂರು. ಹೆಪಟೈಟಿಸ್ ಸಿ ಸಾಮಾನ್ಯವಾಗಿ ಹನ್ನೆರಡು ವಾರದ ಮಾತ್ರೆಯಿಂದ ನೂರಕ್ಕೆ ತೊಂಬತ್ತೈದು ಮಂದಿಯಲ್ಲಿ ಪೂರ್ತಿ ಗುಣವಾಗುತ್ತದೆ. ಬಸುರಾಗುವ ಮೊದಲು ಅದನ್ನು ಮುಗಿಸಿಕೊಳ್ಳುವುದು ಜಾಣತನ.

ಹೆಪಟೈಟಿಸ್ ಬಿ ಪೂರ್ತಿ ಹೋಗುವುದು ಅಪರೂಪ, ಆದರೆ ಸಂಗಾತಿಗೆ ಲಸಿಕೆ ಹಿಡಿದಿದ್ದರೆ ಹರಡುವ ಭಯ ಇಲ್ಲವೆಂದೇ ಹೇಳಬೇಕು. ಅಲ್ಲಿಯವರೆಗೆ ಕಾಂಡೋಮ್ ಬಳಸಿ. ರೇಜರ್ ಮತ್ತು ಟೂತ್‌ಬ್ರಶ್ ಮಾತ್ರ ಯಾವತ್ತಿಗೂ ಬೇರೆ ಬೇರೆ ಇರಲಿ. ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದ, ಅಪ್ಪಿಕೊಳ್ಳುವುದರಿಂದ ಅದು ಬರುವುದಿಲ್ಲ. ಸೋಂಕು ಇರುವವರು ಪಿತ್ತಜನಕಾಂಗದ ತಜ್ಞರನ್ನು ಕಂಡು ವೈರಸ್ ಪ್ರಮಾಣ ಮತ್ತು ಲಿವರ್ ಸ್ಥಿತಿಯನ್ನು ನೋಡಿಸಿಕೊಳ್ಳಬೇಕು. ಎಲ್ಲರಿಗೂ ಔಷಧಿ ಬೇಕಾಗುವುದಿಲ್ಲ. ಹೆಂಡತಿಗೇ ಇದ್ದರೆ ಮಗು ಹುಟ್ಟಿದ 24 ಗಂಟೆಯೊಳಗೆ ಲಸಿಕೆ ಮತ್ತು ಇಮ್ಯುನೊಗ್ಲೋಬುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೊಡಿಸಿದರೆ, ವೈರಸ್ ಹೆಚ್ಚಿದ್ದಲ್ಲಿ ಬಸುರಿನ ಕೊನೆಯ ತಿಂಗಳುಗಳಲ್ಲಿ ತಾಯಿಗೆ ಮಾತ್ರೆ ಕೊಟ್ಟರೆ, ಮಗುವನ್ನು ಬಹುತೇಕ ಕಾಪಾಡಬಹುದು. ಒಂದು ಮಾತನ್ನು ಒತ್ತಿ ಹೇಳುತ್ತೇನೆ: ನಮ್ಮಲ್ಲಿ ಹೆಪಟೈಟಿಸ್ ಬಿ ಬಹುಕಾಲ ಉಳಿದವರಲ್ಲಿ ಹೆಚ್ಚಿನವರಿಗೆ ಅದು ಬಂದದ್ದು ಹುಟ್ಟುವಾಗ ಅಥವಾ ಎಳೆಯ ಬಾಲ್ಯದಲ್ಲಿ. ವಯಸ್ಕರಾದ ಮೇಲೆ ತಗಲಿದರೆ ನೂರಕ್ಕೆ ತೊಂಬತ್ತೈದು ಮಂದಿಯಲ್ಲಿ ತಾನಾಗಿ ಹೋಗಿಬಿಡುತ್ತದೆ. ಎಚ್‌ಬಿಎಸ್‌ಎಜಿ ಪಾಸಿಟಿವ್ ಬಂದ ಹುಡುಗನ ನಡತೆಯನ್ನು ಶಂಕಿಸುವವರು ಮೊದಲು ಅವನ ತಾಯಿಗೂ ಒಡಹುಟ್ಟಿದವರಿಗೂ ಪರೀಕ್ಷೆ ಮಾಡಿಸಲಿ. ಎಷ್ಟೋ ಸಲ ಉತ್ತರ ಅಲ್ಲೇ ಸಿಗುತ್ತದೆ, ಅವರಿಗೂ ಸಕಾಲದಲ್ಲಿ ಚಿಕಿತ್ಸೆ ಸಿಗುತ್ತದೆ.

ಎಚ್‌ಐವಿ ಕುರಿತು ಹೆದರಿಕೆ ಹಳೆಯದು, ತಿಳಿವಳಿಕೆ ಬದಲಾಗಿದೆ. ನಮ್ಮಲ್ಲಿ ಎಆರ್‌ಟಿ ಎಂಬ, ವೈರಸ್ಸನ್ನು ಹತ್ತಿಕ್ಕುವ ಮಾತ್ರೆ 2004ರಿಂದ ಉಚಿತ. ದಿನವೂ ತೆಗೆದುಕೊಂಡು ವೈರಸ್ ಅಳತೆಗೆ ಸಿಗದಷ್ಟು ಕಡಿಮೆಯಾದವರಿಂದ ಸಂಗಾತಿಗೆ ಸಂಭೋಗದ ಮೂಲಕ ಸೋಂಕು ದಾಟುವುದಿಲ್ಲ. ಯುರೋಪಿನಲ್ಲಿ ನಡೆದು 2016ರಲ್ಲಿ ಪ್ರಕಟವಾದ ‘ಪಾರ್ಟ್‌ನರ್’ ಅಧ್ಯಯನದಲ್ಲಿ ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗೆ ಇಲ್ಲದ 888 ಜೋಡಿಗಳನ್ನು ಗಮನಿಸಿದರು. ಕಾಂಡೋಮ್ ಇಲ್ಲದ ಸುಮಾರು 58 ಸಾವಿರ ಸಂಪರ್ಕಗಳಲ್ಲಿ ಚಿಕಿತ್ಸೆಯಲ್ಲಿದ್ದ ಸಂಗಾತಿಯಿಂದ ಒಂದೇ ಒಂದು ಸೋಂಕೂ ದಾಟಲಿಲ್ಲ. ಚಿಕಿತ್ಸೆ ಸರಿಯಾಗಿ ನಡೆದರೆ ಮಗುವಿಗೂ ಸೋಂಕು ತಗಲದಂತೆ ನೋಡಿಕೊಳ್ಳಬಹುದು. ಇಷ್ಟು ತಿಳಿದ ಮೇಲೂ ‘ನನಗೆ ಆಗುವುದಿಲ್ಲ’ ಎಂದು ಒಬ್ಬರು ಹೇಳಿದರೆ ಅದು ಅವರ ಹಕ್ಕು, ತಪ್ಪಲ್ಲ. ತಿಳಿಯದೆ ಹೇಳುವುದು, ಅಥವಾ ತಿಳಿಸದೆ ತಾಳಿ ಕಟ್ಟುವುದು ಮಾತ್ರ ತಪ್ಪು.

ಕಾನೂನು ಇಲ್ಲಿ ಸ್ಪಷ್ಟವಾಗಿದೆ. 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಎಚ್‌ಐವಿ ಕಾಯ್ದೆಯ ಪ್ರಕಾರ ತಿಳಿದು ಕೊಟ್ಟ ಒಪ್ಪಿಗೆ ಇಲ್ಲದೆ ಯಾರನ್ನೂ ಪರೀಕ್ಷಿಸುವಂತಿಲ್ಲ, ಫಲಿತಾಂಶವನ್ನು ಮನೆಯವರಿಗೂ ಹೇಳುವಂತಿಲ್ಲ. ಅಪಾಯದಲ್ಲಿರುವ ಸಂಗಾತಿಗೆ ವೈದ್ಯರೋ ಆಪ್ತಸಮಾಲೋಚಕರೋ ತಿಳಿಸಬಹುದು, ಅದೂ ಸೋಂಕಿತರಿಗೆ ತಾವೇ ತಿಳಿಸಲು ತಿಳಿಹೇಳಿದ ಮೇಲೂ ಅವರು ತಿಳಿಸದಿದ್ದಾಗ. ಸೋಂಕಿತರಿಗೂ ಹರಡದಂತೆ ಎಚ್ಚರ ವಹಿಸುವ ಹೊಣೆಯನ್ನು ಅದೇ ಕಾಯ್ದೆ ಹೊರಿಸಿದೆ. ಇದರ ಹಿಂದೆ ಒಂದು ಮೊಕದ್ದಮೆಯ ಕಥೆ ಇದೆ. ರಕ್ತ ಕೊಡಲು ಹೋದ ಒಬ್ಬರಿಗೆ ಎಚ್‌ಐವಿ ಇರುವುದು ಆಸ್ಪತ್ರೆಯಿಂದ ಹೊರಗೆ ತಿಳಿದು, ನಿಶ್ಚಯವಾಗಿದ್ದ ಮದುವೆ ಮುರಿಯಿತು. ಅವರು ಸುಪ್ರೀಂ ಕೋರ್ಟಿಗೆ ಹೋದಾಗ, 1998ರಲ್ಲಿ ನ್ಯಾಯಾಲಯ ಗುಣವಾಗುವವರೆಗೆ ಸೋಂಕಿತರ ಮದುವೆಯ ಹಕ್ಕು ಅಮಾನತಿನಲ್ಲಿದ್ದಂತೆ ಎಂದುಬಿಟ್ಟಿತು. ಆಗ ಆ ರೋಗಕ್ಕೆ ಗುಣವೆಂಬುದೇ ಇರಲಿಲ್ಲ! ನಾಲ್ಕು ವರ್ಷದ ಬಳಿಕ, 2002ರಲ್ಲಿ, ಅದೇ ಸುಪ್ರೀಂ ಕೋರ್ಟು ಆ ಮಾತು ಅನಗತ್ಯವಾಗಿತ್ತು ಎಂದು ತಿದ್ದಿತು. ಈಗ ಎಚ್‌ಐವಿ ಇರುವವರ ಮದುವೆಗೆ ಕಾನೂನಿನ ಅಡ್ಡಿ ಇಲ್ಲ. ಸಂಗಾತಿಗೆ ತಿಳಿದಿರಬೇಕು, ಅಷ್ಟೇ.

‘ಹಾಗಾದರೆ ಸರ್ಕಾರವೇ ಎಲ್ಲರಿಗೂ ಕಡ್ಡಾಯ ಮಾಡಬಾರದೇ, ಕೇಳುವ ಮುಜುಗರವಾದರೂ ತಪ್ಪುತ್ತದಲ್ಲ’ ಎಂದು ಅನೇಕರು ಕೇಳುತ್ತಾರೆ. ಅಮೆರಿಕದ ಇಲಿನಾಯ್ ರಾಜ್ಯ 1988ರಲ್ಲಿ ಹಾಗೆ ಮಾಡಿ ನೋಡಿತು. ಮೊದಲ ಆರು ತಿಂಗಳಲ್ಲಿ ಪರೀಕ್ಷೆಗೊಳಗಾದ 70,846 ಮಂದಿಯಲ್ಲಿ ಎಚ್‌ಐವಿ ಪಾಸಿಟಿವ್ ಬಂದವರು ಎಂಟೇ ಜನ. ಆ ರಾಜ್ಯದಲ್ಲಿ ಮದುವೆಯ ಪರವಾನಗಿಗಳು ಶೇಕಡಾ 22.5ರಷ್ಟು ಇಳಿದವು, ಜೋಡಿಗಳು ಪಕ್ಕದ ರಾಜ್ಯಗಳಿಗೆ ಹೋಗಿ ಮದುವೆಯಾಗಿ ಬಂದರು. ಮರುವರ್ಷವೇ ಕಾನೂನನ್ನು ಹಿಂತೆಗೆದುಕೊಂಡರು. ಸೌದಿ ಅರೇಬಿಯಾದಲ್ಲಿ ಮದುವೆಗೆ ಮುಂಚಿನ ಕಡ್ಡಾಯ ಪರೀಕ್ಷೆಗೆ ಎಚ್‌ಐವಿ ಮತ್ತು ಹೆಪಟೈಟಿಸ್‌ಗಳನ್ನು 2008ರಲ್ಲಿ ಸೇರಿಸಿ ಇಂದಿಗೂ ನಡೆಸುತ್ತಿದ್ದಾರೆ. ಅಲ್ಲಿಯ ಆಡಳಿತವೇ ಬೇರೆ. ಮದುವೆಯ ನೋಂದಣಿಯೇ ಎಷ್ಟೋ ತಿಂಗಳು ತಡವಾಗಿ ಆಗುವ ನಮ್ಮಲ್ಲಿ ಕಡ್ಡಾಯ ಮಾಡಿದರೆ ಪರೀಕ್ಷೆಗಿಂತ ಮೊದಲು ನಕಲಿ ಪ್ರಮಾಣಪತ್ರದ ವ್ಯಾಪಾರ ಶುರುವಾಗುತ್ತದೆ ಎಂಬುದು ನನ್ನ ಅನುಮಾನ. ಇಬ್ಬರೇ ಮಾತಾಡಿಕೊಂಡು ಮಾಡಿಸಿಕೊಳ್ಳುವುದೇ ಮೇಲು, ಮತ್ತು ನಿಮ್ಮಲ್ಲಿ ಆ ಮಾತು ಆಗಲೇ ಆಗಿದೆ.

ಅಮ್ಮನಿಗೆ ಹೇಳಬೇಕಾದ ಒಂದು ಮಾತಿದೆ. ನಾಳೆ ನೀವು ಬಸುರಾದಾಗ ಆಶಾ ಕಾರ್ಯಕರ್ತೆ ತಾಯಿ ಕಾರ್ಡ್ ಮಾಡಿಸುತ್ತಾರೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ ಪರೀಕ್ಷೆ ಹೇಗಿದ್ದರೂ ಆಗುತ್ತದೆ. ಆಗ ಪರೀಕ್ಷೆಗೆ ಒಳಗಾಗುವವಳು ಮೊದಲು ಹೆಂಡತಿ. ಸೋಂಕು ಗಂಡನಿಂದ ಬಂದಿದ್ದರೂ ಕಾಗದದಲ್ಲಿ ಮೊದಲು ಕಾಣಿಸುವುದು ಅವಳ ಹೆಸರು, ‘ತವರಿನಿಂದ ತಂದಳು’ ಎಂಬ ಮಾತು ಬೀಳುವುದೂ ಅವಳ ಮೇಲೆಯೇ. ಬೀಗರು ಏನೆಂದುಕೊಂಡಾರು ಎಂಬ ಅಮ್ಮನ ಭಯ ನಿಜವೇ, ಆದರೆ ಆ ಭಯಕ್ಕೆ ಔಷಧಿ ಇಬ್ಬರೂ ಒಂದೇ ವಾರದಲ್ಲಿ, ಒಟ್ಟಿಗೆ ಮಾಡಿಸಿಕೊಂಡ ಪರೀಕ್ಷೆ. ಬೀಗರಿಗೆ ಹೇಳಲೇಬೇಕೆಂದಿಲ್ಲ. ಹೇಳುವುದಾದರೆ ‘ಲಸಿಕೆ ಹಾಕಿಸಿಕೊಳ್ಳಲು ಡಾಕ್ಟರು ರಕ್ತ ನೋಡಬೇಕೆಂದರು’ ಎಂದರೆ ಸಾಕು. ಅದು ಸುಳ್ಳೂ ಅಲ್ಲ.

ಅವರೊಂದಿಗೆ ಮಾತ್ರ ಪರೀಕ್ಷೆಗೆ ಮುಂಚೆಯೇ ಎರಡು ವಿಷಯ ಇತ್ಯರ್ಥ ಮಾಡಿಕೊಳ್ಳಿ. ಫಲಿತಾಂಶವನ್ನು ಯಾರು ಯಾರಿಗೆ ತೋರಿಸುತ್ತೀರಿ ಎಂಬುದು ಒಂದು. ಏನಾದರೂ ಬಂದರೆ ಖಚಿತವಾಗುವವರೆಗೆ ಮನೆಯವರಿಗೆ ಹೇಳುವುದಿಲ್ಲ ಎಂಬುದು ಇನ್ನೊಂದು. ಫಲಿತಾಂಶ ಕೈಗೆ ಬಂದ ಮೇಲೆ ಈ ಮಾತಾಡುವುದು ಬಹಳ ಕಷ್ಟ. ನೀವು ಈ ವಾರ ಹೆಪಟೈಟಿಸ್ ಮತ್ತು ರುಬೆಲ್ಲಾ ನೋಡಿಸಿ ಲಸಿಕೆ ಶುರು ಮಾಡಿ. ಅವರು ಊರಿಗೆ ಬಂದ ವಾರ ಇಬ್ಬರೂ ಎಚ್‌ಐವಿ ಮತ್ತು ಸಿಫಿಲಿಸ್‌ಗೆ ಐಸಿಟಿಸಿಗೆ ಹೋಗಿ. ಉಳಿದ ಹೆಪಟೈಟಿಸ್ ಪರೀಕ್ಷೆಗಳಿಗೆ ಅವರೂ ಅಂದೇ ರಕ್ತ ಕೊಡಲಿ. ಊರಿನ ತಾಲ್ಲೂಕು ಆಸ್ಪತ್ರೆಯಲ್ಲಿ ಯಾರಾದರೂ ಗುರುತಿನವರು ಸಿಕ್ಕಾರು ಎಂಬ ಸಂಕೋಚ ಇದ್ದರೆ ಮಂಗಳೂರಿಗೋ ಬೆಂಗಳೂರಿಗೋ ಹೋಗಬಹುದು. ಯಾವ ಜಿಲ್ಲೆಯವರು ಯಾವ ಕೇಂದ್ರಕ್ಕೆ ಹೋದರೂ ಬೇಡವೆನ್ನುವುದಿಲ್ಲ.